ಒದೆತಕ್ಕೆ ಹಚ್ಚಿದ ಕೆಲಸ

ಹಳೆಯ ಕನ್ನಡ ಸಿನಿಮಾಗಳ ಖಳನಾಯಕನ ಕೈಯಲ್ಲಿ ಇರುತ್ತಿದ್ದುದು ರಿವಾಲ್ವರ್. ಗುಂಡು ಹಾರಿದಂತೆಲ್ಲ ಅದರ ಉರುಟು ಡಬ್ಬಿ ಒಂದೊಂದೇ ಮನೆ ತಿರುಗುತ್ತಿತ್ತು. ಆರು ಗುಂಡು ಮುಗಿದರೆ ನಾಯಕ ಮೈಮೇಲೆ ಬೀಳಬಹುದಿತ್ತು. ಈಚಿನ ಸಿನಿಮಾಗಳಲ್ಲಿ ರಿವಾಲ್ವರ್ ಹೋಗಿ ಪಿಸ್ತೂಲು ಬಂದಿದೆ. ಕ್ಯಾಮೆರಾ ಹತ್ತಿರ ಹೋಗಿ ನಿಧಾನಗತಿಯಲ್ಲಿ ತೋರಿಸುತ್ತದೆ: ಪಿಸ್ತೂಲಿನ ಮೇಲ್ಭಾಗ ಸರಕ್ಕನೆ ಹಿಂದೆ ಜಾರುತ್ತದೆ, ಖಾಲಿ ಹಿತ್ತಾಳೆ ಕೊಳವೆಯೊಂದು ಹೊರಗೆ ಚಿಮ್ಮುತ್ತದೆ, ಮೇಲ್ಭಾಗ ಮತ್ತೆ ಮುಂದೆ ಬಂದು ಕೂರುತ್ತದೆ. ಮುಂದಿನ ಗುಂಡು ಆಗಲೇ ಸಿದ್ಧ.

ಇಷ್ಟು ಕೆಲಸ ಮಾಡಿದ್ದು ಯಾರು? ರಿವಾಲ್ವರಿನಲ್ಲಾದರೆ ಉತ್ತರ ಸುಲಭ. ಡಬ್ಬಿಯನ್ನು ತಿರುಗಿಸುವುದು ಟ್ರಿಗರ್ ಎಳೆಯುವ ಬೆರಳು, ಇಲ್ಲವೇ ಕುದುರೆಯನ್ನು, ಅಂದರೆ ತೋಟಾವನ್ನು ಬಡಿಯುವ ಸುತ್ತಿಗೆಯನ್ನು, ಎತ್ತುವ ಹೆಬ್ಬೆರಳು. ಪಿಸ್ತೂಲಿನಲ್ಲಿ ಬೆರಳು ಟ್ರಿಗರನ್ನು ಒಂದಿಷ್ಟು ಎಳೆದು ಸುಮ್ಮನಾಗುತ್ತದೆ. ಒಳಗೆ ಮೋಟರಿಲ್ಲ, ಬ್ಯಾಟರಿಯಿಲ್ಲ. ಕೈಯಿಂದ ಎಳೆಯಲು ತುಸು ಬಲವೇ ಬೇಕಾಗುವ ಆ ಉಕ್ಕಿನ ತುಂಡನ್ನು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಹಿಂದಕ್ಕೆ ಎಳೆದು ಬಿಟ್ಟವರು ಯಾರು?

ಕೊಡಗಿನಲ್ಲೋ ಮಲೆನಾಡಿನಲ್ಲೋ ಕೋವಿ ಹಿಡಿದು ಬಲ್ಲವರಿಗೆ ಅರ್ಧ ಉತ್ತರ ಗೊತ್ತಿರುತ್ತದೆ. ಕೇಪಿನ ಕೋವಿಯಾಗಲಿ ತೋಟಾ ಕೋವಿಯಾಗಲಿ, ಈಡು ಹಾರಿಸಿದಾಗ ಕೋವಿ ಒದೆಯುತ್ತದೆ. ಹಿಡಿಯನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿಕೊಳ್ಳದೆ ಹಾರಿಸಿದವರು ಮರುದಿನ ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳಬೇಕಾಗುತ್ತದೆ. ಪಿಸ್ತೂಲಿನೊಳಗೆ ಕೆಲಸ ಮಾಡುವುದು ಆ ಒದೆತವೇ. ಆದರೆ ಉತ್ತರದ ಇನ್ನರ್ಧ ಹೆಚ್ಚು ಸ್ವಾರಸ್ಯದ್ದು. ಒದೆತ ಬಿಟ್ಟಿಯಾಗಿ ಸಿಗುತ್ತದೆ, ನಿಜ. ಅದನ್ನು ಸರಿಯಾದ ಗಳಿಗೆಯವರೆಗೆ ತಡೆದು ಹಿಡಿಯುವುದು ಹೇಗೆಂದು ಕಂಡುಕೊಳ್ಳಲು 19ನೇ ಶತಮಾನದ ಅತ್ಯಂತ ನುರಿತ ಕಮ್ಮಾರರೂ ತಿಣುಕಿದರು.

ಒದೆತದ ಲೆಕ್ಕ

ಈ ಅಧ್ಯಾಯದ ಕೇಂದ್ರದಲ್ಲಿರುವ ಪಿಸ್ತೂಲು ಜರ್ಮನಿಯ ಮೌಸರ್ ಕಾರ್ಖಾನೆಯದು. ಹೆಸರು ಸಿ96. ಅದರ ಒಂದು ಗುಂಡಿನ ತೂಕ ಸುಮಾರು ಐದೂವರೆ ಗ್ರಾಂ. ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 430 ಮೀಟರ್; ಶಬ್ದಕ್ಕಿಂತ ಹೆಚ್ಚು. ಪಿಸ್ತೂಲಿನ ತೂಕ ಒಂದು ಕಿಲೋ ನೂರು ಗ್ರಾಂ ಎಂದುಕೊಳ್ಳಿ, ಅಂದರೆ ಗುಂಡಿನ 200 ಪಟ್ಟು. ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ಮುಂದಕ್ಕೆ ನೂಕುವಾಗ ಅಷ್ಟೇ ಬಲದಿಂದ ಪಿಸ್ತೂಲನ್ನು ಹಿಂದಕ್ಕೂ ನೂಕುತ್ತದೆ. 200 ಪಟ್ಟು ಭಾರದ ವಸ್ತು 200ರಲ್ಲಿ ಒಂದು ಪಾಲು ವೇಗ ಪಡೆಯುತ್ತದೆ: ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಹೆಚ್ಚು. ನಾವು ಬಿರುಸಾಗಿ ನಡೆಯುವ ವೇಗ ಅದು.

ನೂಕುವಿಕೆ ಎರಡೂ ಕಡೆಗೆ ಸಮ. ಶಕ್ತಿಯ ಹಂಚಿಕೆ ಮಾತ್ರ ಸಮವಲ್ಲ. ಹಗುರವಾದ ಗುಂಡು ಬಹುಪಾಲನ್ನು ಬಾಚಿಕೊಂಡು ಹೋಗುತ್ತದೆ. ಭಾರದ ಪಿಸ್ತೂಲಿಗೆ ಉಳಿಯುವುದು ಚಿಲ್ಲರೆ, 200ರಲ್ಲಿ ಒಂದು ಪಾಲು. ಶತಮಾನಗಳ ಕಾಲ ಈ ಚಿಲ್ಲರೆಯನ್ನು ಜನ ತಮ್ಮ ಭುಜದ ಮೇಲೋ ಮಣಿಕಟ್ಟಿನ ಮೇಲೋ ಸುಮ್ಮನೆ ಕಳೆಯುತ್ತಿದ್ದರು.

ಅದನ್ನು ಲೆಕ್ಕಕ್ಕೆ ತೆಗೆದುಕೊಂಡವನು ಹೈರಮ್ ಮ್ಯಾಕ್ಸಿಮ್. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದವನು. ಸೈನ್ಯದ ರೈಫಲ್ಲೊಂದನ್ನು ಹಾರಿಸಿ ಭುಜ ಕಂದಿದಾಗ, ಇಷ್ಟು ಬಲ ವ್ಯರ್ಥವಾಗುತ್ತಿದೆಯಲ್ಲ ಎಂದು ತನಗೆ ಹೊಳೆಯಿತೆಂದು ಹೇಳಿಕೊಂಡಿದ್ದಾನೆ. ಲಂಡನ್ನಿನ ಹ್ಯಾಟನ್ ಗಾರ್ಡನ್ನಿನ ಕಾರ್ಯಾಗಾರದಲ್ಲಿ 1884ರ ಹೊತ್ತಿಗೆ ಅವನ ಮೆಷಿನ್ ಗನ್ ಸಿದ್ಧವಾಯಿತು. ತನ್ನ ಒದೆತದಿಂದಲೇ ಖಾಲಿ ತೋಟಾ ಉಗುಳಿ, ಹೊಸದನ್ನು ನುಂಗಿ, ಮತ್ತೆ ಹಾರುವ ಮೊದಲ ಯಂತ್ರ. ಆಫ್ರಿಕಾದಲ್ಲಿ ಅದು ಮಾಡಿದ ಹತ್ಯಾಕಾಂಡಗಳ ಕಥೆ ಬೇರೆಯೇ ಒಂದು ಪುಸ್ತಕಕ್ಕೆ ಆಗುವಷ್ಟಿದೆ. ಇಲ್ಲಿ ನಮಗೆ ಬೇಕಾದ್ದು ಇಷ್ಟೇ: ಒದೆತವನ್ನು ದುಡಿಸಬಹುದು ಎಂದು ಅವನು ತೋರಿಸಿಕೊಟ್ಟ. ಆದರೆ ಅವನ ಗನ್ನಿಗೆ ಗಾಲಿ ಅಥವಾ ಮುಕ್ಕಾಲಿ ಬೇಕಿತ್ತು, ತಣಿಸಲು ನೀರು ಬೇಕಿತ್ತು. ಅದೇ ಉಪಾಯವನ್ನು ಸೊಂಟಕ್ಕೆ ಸಿಕ್ಕಿಸುವ ಆಯುಧಕ್ಕೆ ಇಳಿಸುವುದು ಹೇಗೆ?

ಕರಿಮದ್ದು ಬಿಟ್ಟ ಮಸಿ

ಅಡ್ಡಿಯಾಗಿದ್ದುದು ಮದ್ದು. ಗಂಧಕ, ಇದ್ದಿಲು, ಪೆಟ್ಲುಪ್ಪು ಬೆರೆತ ಹಳೆಯ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ. ಹೊಗೆಯಾಗಿ, ಮಸಿಯಾಗಿ, ಉಪ್ಪಿನಂಥ ಗಟ್ಟಿ ಪುಡಿಯಾಗಿ ಉಳಿಯುತ್ತದೆ. ಕೇಪಿನ ಕೋವಿಯ ನಳಿಗೆಯನ್ನು ಬಿಸಿನೀರು ಹೊಯ್ದು ತೊಳೆದವರಿಗೆ ಅದು ಎಂಥ ಅಂಟು ಎಂದು ಗೊತ್ತು. ಸಣ್ಣ ಸಣ್ಣ ತುಂಡುಗಳು ಕೂದಲೆಳೆಯ ಸಂದಿನಲ್ಲಿ ಜಾರಬೇಕಾದ ಪಿಸ್ತೂಲಿಗೆ ಈ ಮಸಿ ಹೊಂದುವುದಿಲ್ಲ. ಮ್ಯಾಕ್ಸಿಮ್‌ನ ಗನ್ ಮೊದಲಿಗೆ ಕರಿಮದ್ದಿನಲ್ಲೇ ಓಡಿತು. ಅದು ದಪ್ಪ ಯಂತ್ರವಾದ್ದರಿಂದ ತಾಳಿಕೊಂಡಿತು.

1884ರಲ್ಲೇ ಫ್ರಾನ್ಸಿನ ಪಾಲ್ ವ್ಯೇಯ್ ಎಂಬ ರಸಾಯನವಿಜ್ಞಾನಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ನೈಟ್ರೋಸೆಲ್ಯುಲೋಸಿನಿಂದ ಮಾಡಿದ ಈ ಮದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಅನಿಲವಾಗುತ್ತದೆ. ಸ್ವಲ್ಪವೇ ಸಾಕು, ಬಲ ಹೆಚ್ಚು, ಕಸ ಕಡಿಮೆ. ಎರಡೇ ವರ್ಷಗಳಲ್ಲಿ ಫ್ರೆಂಚ್ ಸೈನ್ಯ ಇದನ್ನು ಬಳಸುವ ಲೆಬೆಲ್ ರೈಫಲ್ಲನ್ನು ಹೊರತಂದಿತು. ಉಳಿದ ದೇಶಗಳು ಹಿಂದೆ ಓಡಿದವು. ಸ್ವಯಂಚಾಲಿತ ಪಿಸ್ತೂಲುಗಳು 1890ರ ದಶಕದಲ್ಲಿ ಏಕಾಏಕಿ ಮಳೆಗಾಲದ ಅಣಬೆಗಳಂತೆ ತಲೆಯೆತ್ತಿದ್ದಕ್ಕೆ ಕಾರಣ ಕಮ್ಮಾರಿಕೆಗಿಂತ ಹೆಚ್ಚಾಗಿ ಈ ರಸಾಯನವಿಜ್ಞಾನ.

ಮಾರುಕಟ್ಟೆಯಲ್ಲಿ ಮೊದಲು ಒಂದಿಷ್ಟು ನೆಲೆ ಕಂಡದ್ದು ಹ್ಯೂಗೋ ಬೋರ್ಶಾರ್ಟ್‌ನ 1893ರ ಪಿಸ್ತೂಲು. ಬರ್ಲಿನ್ನಿನ ಲುಡ್ವಿಗ್ ಲೋವ್ ಕಂಪನಿ ಅದನ್ನು ತಯಾರಿಸಿತು. ಹಿಂಭಾಗ ಉಬ್ಬಿಕೊಂಡು, ಹಿಡಿ ನಡುಮಧ್ಯದಲ್ಲಿದ್ದು, ನೋಡಲು ಪಿಸ್ತೂಲಿಗಿಂತ ಯಾವುದೋ ಅಳತೆಯ ಉಪಕರಣದಂತೆ ಕಾಣುತ್ತದೆ. ಒಳಗಿನ ಯಂತ್ರ ಜಾಣತನದ್ದೇ, ಆದರೆ ಅದನ್ನು ಕೈಯಲ್ಲಿ ಹಿಡಿಯಬೇಕಾದವನ ಬಗ್ಗೆ ಬೋರ್ಶಾರ್ಟ್ ಹೆಚ್ಚು ಯೋಚಿಸಿದಂತಿಲ್ಲ. ಮೂರು ಸಾವಿರದಷ್ಟು ತಯಾರಾಗಿ ನಿಂತುಹೋಯಿತು.

ಓಬರ್ನ್‌ಡಾರ್ಫ್‌ನ ಅಣ್ಣತಮ್ಮಂದಿರು

ನೆಕ್ಕರ್ ನದಿಯ ದಡದ ಓಬರ್ನ್‌ಡಾರ್ಫ್ ಎಂಬ ಪಟ್ಟಣದಲ್ಲಿ ಪಾಲ್ ಮೌಸರ್‌ನ ರೈಫಲ್ ಕಾರ್ಖಾನೆ ಇತ್ತು. ಅಲ್ಲಿಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಫೆಡರ್ಲೆ ಮನೆತನದ ಮೂವರು, ಫಿಡೆಲ್, ಫ್ರೀಡ್ರಿಷ್ ಮತ್ತು ಯೋಸೆಫ್, ಯಾರೂ ಹೇಳದೆಯೇ ಒಂದು ಪಿಸ್ತೂಲನ್ನು ರೂಪಿಸತೊಡಗಿದರು. ಯಜಮಾನನ ಮನಸ್ಸೆಲ್ಲ ರೈಫಲ್ಲಿನಲ್ಲಿತ್ತು. ಇದು ಕಾಲಹರಣವೆಂದು ಮೊದಲು ಮುಖ ಗಂಟಿಕ್ಕಿದನಂತೆ. 1895ರ ಮಾರ್ಚಿನಲ್ಲಿ ಮೊದಲ ಮಾದರಿ ಸಿದ್ಧವಾದಾಗ ಅವನ ಮನಸ್ಸು ಬದಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪೇಟೆಂಟ್ ಬಂತು, ಪಾಲ್ ಮೌಸರ್‌ನ ಹೆಸರಿನಲ್ಲಿ. ಮಾಡಿದವರು ಒಬ್ಬರು, ಹೆಸರು ಇನ್ನೊಬ್ಬರದು. ಕಾರ್ಖಾನೆಗಳ ಚರಿತ್ರೆಯಲ್ಲಿ ಇದೇನು ಹೊಸದಲ್ಲ. ಆದರೂ ಈ ಪಿಸ್ತೂಲಿನ ಮಾತು ಬಂದಾಗ ಫೆಡರ್ಲೆ ಎಂಬ ಹೆಸರನ್ನು ಒಮ್ಮೆಯಾದರೂ ಹೇಳಿಬಿಡುವುದು ನ್ಯಾಯ.

ಸಿ96ನ ಆಕಾರ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಉದ್ದ ತೆಳ್ಳನೆಯ ನಳಿಗೆ. ಟ್ರಿಗರಿನ ಮುಂದೆ ಹತ್ತು ತೋಟಾ ಹಿಡಿಯುವ ಚೌಕ ಪೆಟ್ಟಿಗೆ. ಹಿಂದೆ ಉರುಟಾದ ಮರದ ಹಿಡಿ. ಅದರಿಂದಾಗಿ ಇಂಗ್ಲಿಷರು ಇಡೀ ಪಿಸ್ತೂಲಿಗೇ ಪೊರಕೆ ಹಿಡಿ ಎಂಬ ಅಡ್ಡಹೆಸರಿಟ್ಟರು. ಅದನ್ನು ಇಡುವ ಮರದ ಪೆಟ್ಟಿಗೆಯನ್ನೇ ಹಿಡಿಯ ಹಿಂಭಾಗಕ್ಕೆ ಸಿಕ್ಕಿಸಿದರೆ ಭುಜಕ್ಕೆ ಆನಿಸಿ ಹಾರಿಸುವ ಪುಟ್ಟ ಬಂದೂಕಾಗುತ್ತದೆ. ಒಳಗಿನ ಯಂತ್ರದಲ್ಲಿ ತಿರುಪುಮೊಳೆಯೇ ಇಲ್ಲ. ಒಂದು ತುಂಡು ಇನ್ನೊಂದಕ್ಕೆ ಕಚ್ಚಿಕೊಂಡು, ಅದು ಮತ್ತೊಂದನ್ನು ಹಿಡಿದುಕೊಂಡು ನಿಲ್ಲುತ್ತದೆ. ಇರುವ ಒಂದೇ ತಿರುಪು ಹಿಡಿಯ ಮರದ ಪಟ್ಟಿಗಳನ್ನು ಬಿಗಿಯುವುದಕ್ಕೆ.

ಜರ್ಮನ್ ಸೈನ್ಯ ಇದನ್ನು ತನ್ನ ಅಧಿಕೃತ ಪಿಸ್ತೂಲಾಗಿ ಒಪ್ಪಲಿಲ್ಲ. ದುಬಾರಿ, ಭಾರ. ಆದರೆ ಸ್ವಂತ ದುಡ್ಡಿನಲ್ಲಿ ಕೊಳ್ಳುವವರು ಇದ್ದರು. ಅವರಲ್ಲೊಬ್ಬ ವಿನ್‌ಸ್ಟನ್ ಚರ್ಚಿಲ್. ಬೆಂಗಳೂರು ಕ್ಲಬ್ಬಿನಲ್ಲಿ ಉಳಿದುಹೋದ ಅವನ 13 ರೂಪಾಯಿ ಬಾಕಿಯ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಭುಜದ ಕಥೆ ಅಷ್ಟಾಗಿ ಗೊತ್ತಿಲ್ಲ. 1896ರಲ್ಲಿ ಬೆಂಗಳೂರಿಗೆ ಹೊರಟ ಅಶ್ವದಳದೊಂದಿಗೆ ಬಂದ ಚರ್ಚಿಲ್, ಬೊಂಬಾಯಿಯ ಸಸೂನ್ ಡಾಕಿನಲ್ಲಿ ದೋಣಿಯಿಂದ ಇಳಿಯಲು ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದ. ಅಲೆಗೆ ದೋಣಿ ಕೆಳಗಿಳಿಯಿತು, ಬಲಭುಜ ಉಳುಕಿತು. ಬೆಂಗಳೂರಿನಲ್ಲಿ ಪೋಲೊ ಆಡುವಾಗ ತೋಳನ್ನು ಪಟ್ಟಿಯಿಂದ ಕಟ್ಟಿಕೊಳ್ಳುತ್ತಿದ್ದ. ಆ ತೋಳನ್ನು ನಂಬಿ ಕುದುರೆಯ ಮೇಲೆ ಕತ್ತಿ ಬೀಸುವಂತಿರಲಿಲ್ಲ. ಹಾಗಾಗಿ 1898ರ ಸೆಪ್ಟೆಂಬರ್ 2ರಂದು ಸುಡಾನಿನ ಒಮ್‌ಡುರ್ಮಾನ್ ಕಾಳಗದಲ್ಲಿ ಅಶ್ವದಳ ನುಗ್ಗಿದಾಗ ಅವನ ಕೈಯಲ್ಲಿದ್ದುದು ಲಂಡನ್ನಿನಲ್ಲಿ ಕೊಂಡಿದ್ದ ಮೌಸರ್. ಜೀವ ಉಳಿಸಿದ್ದು ಅದೇ ಎಂದು ನಂಬಿದ್ದ. ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಸವಾರನೊಬ್ಬ ಎದುರು ನಿಂತಾಗ ಸೊಂಟಕ್ಕೆ ಕೈಹಾಕಿದರೆ ಪಿಸ್ತೂಲಿರಲಿಲ್ಲ. ರೈಲಿನ ಎಂಜಿನ್ನಿನಲ್ಲಿ ಬಿಟ್ಟು ಬಂದಿದ್ದ. ಸೆರೆಯಾದ.

ಮೌಸರ್ ಎಂಬ ಹೆಸರು ಭಾರತದಲ್ಲಿ ಮನೆಮಾತಾದದ್ದು ಚರ್ಚಿಲ್‌ನ ಎದುರು ಪಾಳಯದಿಂದ. 1914ರ ಆಗಸ್ಟ್ 26ರಂದು ಕಲ್ಕತ್ತೆಯ ಬಂದೂಕು ವ್ಯಾಪಾರಿ ರೊಡ್ಡಾ ಕಂಪನಿಯ ಹೆಸರಿಗೆ ಬಂದಿದ್ದ 202 ಪೆಟ್ಟಿಗೆಗಳನ್ನು ಸುಂಕದ ಕಟ್ಟೆಯಿಂದ ಬಿಡಿಸಿ ತರಲು ಕಂಪನಿಯ ಗುಮಾಸ್ತ ಶ್ರೀಶ್ ಚಂದ್ರ ಮಿತ್ರ ಹೋದರು. ಉಗ್ರಾಣಕ್ಕೆ ತಲುಪಿದ್ದು 192. ಉಳಿದ ಹತ್ತು ಪೆಟ್ಟಿಗೆ ಹೊತ್ತ ಎತ್ತಿನಗಾಡಿ ಬೇರೆ ದಾರಿ ಹಿಡಿಯಿತು. ಗುಮಾಸ್ತರೂ ಕ್ರಾಂತಿಕಾರಿಗಳ ಗುಂಪಿನವರೇ. ಪೆಟ್ಟಿಗೆಗಳಲ್ಲಿ 50 ಮೌಸರ್ ಪಿಸ್ತೂಲು, 46,000 ತೋಟಾ. ಮರದ ಪೆಟ್ಟಿಗೆ ಸಿಕ್ಕಿಸಿ ಭುಜಕ್ಕಿಟ್ಟು ಹಾರಿಸಬಹುದಾದ ಈ ಪಿಸ್ತೂಲುಗಳ ಸುಳಿವಿಗಾಗಿ ಪೊಲೀಸರು ವರ್ಷಗಟ್ಟಲೆ ಬಂಗಾಳವನ್ನು ಜಾಲಾಡಿದರು. ಮರುವರ್ಷ ಸೆಪ್ಟೆಂಬರ್ 9ರಂದು ಒಡಿಶಾದ ಬಾಲಸೋರ್ ಬಳಿ ಕ್ರಾಂತಿಕಾರಿ ಬಾಘಾ ಜತಿನ್ ಮತ್ತು ನಾಲ್ವರು ಸಂಗಾತಿಗಳು ರೈಫಲ್ ಹಿಡಿದ ಪೊಲೀಸರನ್ನು ಎದುರಿಸಿದ್ದು ಮೌಸರ್‌ಗಳಿಂದಲೇ. 1925ರಲ್ಲಿ ಕಾಕೋರಿಯ ಬಳಿ ರೈಲು ನಿಲ್ಲಿಸಿದ ಕ್ರಾಂತಿಕಾರಿಗಳ ಕೈಯಲ್ಲೂ ಇವು ಇದ್ದವು.

ಇಷ್ಟು ದೂರ ತಿರುಗಾಡಿದ ಈ ಪಿಸ್ತೂಲಿನ ಹೊಟ್ಟೆಯೊಳಗೆ ಏನಿತ್ತು?

ಕುಕ್ಕರ್ ಮುಚ್ಚಳದ ಪ್ರಶ್ನೆ

ಮೊದಲು ಸಮಸ್ಯೆಯನ್ನು ನೋಡೋಣ. ತೋಟಾ ಎಂದರೆ ತಳ ಮುಚ್ಚಿದ ಹಿತ್ತಾಳೆಯ ಕೊಳವೆ. ಬಾಯಲ್ಲಿ ಗುಂಡು, ಹೊಟ್ಟೆಯಲ್ಲಿ ಮದ್ದು, ತಳದಲ್ಲಿ ಬಡಿದರೆ ಕಿಡಿ ಹೊತ್ತುವ ಕೇಪು. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗವನ್ನು ಗುಂಡಿನ ಮನೆ ಎನ್ನೋಣ. ಅದರ ಹಿಂದೆ ತೋಟಾಕ್ಕೆ ಒತ್ತಿ ನಿಲ್ಲುವ ಉಕ್ಕಿನ ತುಂಡನ್ನು, ಬಂದೂಕು ಬಲ್ಲವರು ಬೋಲ್ಟ್ ಎನ್ನುವುದನ್ನು, ಕದ ಎಂದು ಕರೆಯೋಣ. ಕದ ತೆರೆದರೆ ಖಾಲಿ ತೋಟಾ ಹೊರಗೆ ಬರಬೇಕು, ಹೊಸದು ಒಳಗೆ ಹೋಗಬೇಕು.

ಈಗ ಅಡುಗೆಮನೆಗೆ ಬನ್ನಿ. ಕುಕ್ಕರ್ ಮೂರು ಸಲ ಕೂಗಿದೆ, ಒಲೆ ಆರಿಸಿದ್ದೀರಿ. ಹಸಿವು ಎಷ್ಟೇ ಇರಲಿ, ಪ್ರೆಷರ್ ಇಳಿಯದೆ ಮುಚ್ಚಳಕ್ಕೆ ಯಾರೂ ಕೈಹಾಕುವುದಿಲ್ಲ. ಒಳಗಿನ ಅನ್ನ ಬೆಂದಿದೆಯೋ ಇಲ್ಲವೋ ಎಂಬುದಕ್ಕಿಂತ ಒಳಗಿನ ಹಬೆ ಹೊರಗೆ ಹೋಗಿದೆಯೋ ಇಲ್ಲವೋ ಎಂಬುದು ಮುಖ್ಯ. ಮನೆಯ ಕುಕ್ಕರಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚೆಂದರೆ ಅಷ್ಟೇ ಇನ್ನೊಂದು ಪಾಲು ಅಧಿಕ. ಅಷ್ಟಕ್ಕೇ ಮುಚ್ಚಳ ಸೂರಿಗೆ ಬಡಿಯುತ್ತದೆ. ಮೌಸರ್‌ನ ಗುಂಡಿನ ಮನೆಯಲ್ಲಿ ಮದ್ದು ಉರಿಯುವಾಗ ಒತ್ತಡ ಹೊರಗಿನ ಗಾಳಿಯ ಎರಡು ಸಾವಿರ ಪಟ್ಟನ್ನೂ ಮೀರುತ್ತದೆ.

ಈ ಒತ್ತಡಕ್ಕೆ ತೆಳು ಹಿತ್ತಾಳೆ ಉಬ್ಬಿ ಗುಂಡಿನ ಮನೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಅದರಿಂದ ಒಂದು ಉಪಕಾರವಿದೆ, ಅನಿಲ ಹಿಂದಕ್ಕೆ ಸೋರುವುದಿಲ್ಲ. ಆದರೆ ಅದೇ ಗಳಿಗೆಯಲ್ಲಿ ಕದ ಹಿಂದೆ ಸರಿದರೆ ಹಿತ್ತಾಳೆಗೆ ಉಕ್ಕಿನ ಆಸರೆ ತಪ್ಪಿ ಅದು ಹರಿಯುತ್ತದೆ. ಉರಿಯುವ ಅನಿಲ ಹಾರಿಸಿದವನ ಮುಖದತ್ತಲೇ ನುಗ್ಗುತ್ತದೆ. ಗುಂಡು ನಳಿಗೆಯ ಬಾಯಿ ದಾಟಿದ ಮೇಲೆ ಅನಿಲಕ್ಕೆ ಮುಂದಿನಿಂದ ದಾರಿ ಸಿಗುತ್ತದೆ, ಒತ್ತಡ ಬಿದ್ದುಹೋಗುತ್ತದೆ, ಹಿತ್ತಾಳೆ ಸಡಿಲವಾಗುತ್ತದೆ. ಆಗ ಕದ ತೆರೆಯಬಹುದು.

ಅಡುಗೆಮನೆಯಲ್ಲಿ ನಾವು ಹತ್ತು ನಿಮಿಷ ಕಾಯುತ್ತೇವೆ. ಇಲ್ಲಿ ಕಾಯಬೇಕಾದ ಹೊತ್ತು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಗಡಿಯಾರ ನೋಡಿ ತೆರೆಯುವಂತಿಲ್ಲ. ಕದವನ್ನು ಹಿಂದಕ್ಕೆ ನೂಕುತ್ತಿರುವ ಒದೆತವೇ, ತೆರೆಯುವ ಹೊತ್ತು ಬಂದಿದೆಯೋ ಎಂಬುದನ್ನೂ ಅಳೆಯಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಕದದ ಹಿಂದೆ ಗಟ್ಟಿಯಾದ ಸ್ಪ್ರಿಂಗ್ ಇದೆಯಲ್ಲ, ಅದೇ ತಡೆಯುತ್ತದೆ ಎಂದುಕೊಳ್ಳುತ್ತೇವೆ. ಕೈಯಿಂದ ಎಳೆಯಬಹುದಾದ ಸ್ಪ್ರಿಂಗ್ ಆ ಒತ್ತಡದ ಮುಂದೆ ಲೆಕ್ಕಕ್ಕೇ ಇಲ್ಲ. ಸ್ಪ್ರಿಂಗಿನ ಕೆಲಸ ಆಮೇಲಿನದು, ಹಿಂದೆ ಹೋದದ್ದನ್ನು ಮುಂದೆ ತರುವುದು. ತಡೆಯುವುದಕ್ಕೆ ಬೇರೆಯೇ ವ್ಯವಸ್ಥೆ ಬೇಕು.

ಅಗಳಿ ಬೀಳುವ ಗಳಿಗೆ

ಫೆಡರ್ಲೆ ಸೋದರರು ಮಾಡಿದ್ದು ಇಷ್ಟು. ನಳಿಗೆಯನ್ನು ಪಿಸ್ತೂಲಿನ ಮೈಗೆ ಬೆಸೆದುಬಿಡಲಿಲ್ಲ. ಹಿಂದೆ ಮುಂದೆ ಸ್ವಲ್ಪ ಜಾರುವಂತೆ ಬಿಟ್ಟರು. ನಳಿಗೆಯ ಹಿಂದಕ್ಕೆ ಅದರದೇ ಉಕ್ಕಿನಲ್ಲಿ ಚೌಕವಾದ ಕೊಳವೆಯೊಂದನ್ನು ಚಾಚಿದರು. ಕದ ಜಾರುವುದು ಆ ಕೊಳವೆಯೊಳಗೆ. ಕೊಳವೆಯ ಅಡಿಯಲ್ಲಿ ಒಂದು ಗಟ್ಟಿ ಉಕ್ಕಿನ ತುಂಡನ್ನು, ಅಂದರೆ ಅಗಳಿಯನ್ನು, ತೂಗುಹಾಕಿದರು. ಅಗಳಿಯ ನೆತ್ತಿಯಲ್ಲಿ ಹಲ್ಲು, ಕದದ ತಳದಲ್ಲಿ ಅದಕ್ಕೆ ತಕ್ಕ ಕಚ್ಚು. ಮೊದಮೊದಲು ಒಂದು ಹಲ್ಲಿತ್ತು, ಬೇಗನೆ ಎರಡಾಯಿತು. ಪಿಸ್ತೂಲು ಹಾರಲು ಸಿದ್ಧವಾಗಿರುವಾಗ ಕೆಳಗಿನ ಚೌಕಟ್ಟು ಅಗಳಿಯನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ಹಲ್ಲು ಕಚ್ಚಿನಲ್ಲಿ ಕೂತಿರುತ್ತದೆ. ಅಂದರೆ ಕದ ನಳಿಗೆಗೆ ಬಿಗಿಯಾಗಿ ಜಡಿದಿದೆ; ಎರಡೂ ಒಂದೇ ವಸ್ತು ಎಂದು ತಿಳಿಯಿರಿ.

ಕುದುರೆ ಬಿತ್ತು. ಮದ್ದು ಹೊತ್ತಿತು. ಗುಂಡು ಮುಂದೆ, ಕದ ಹಿಂದೆ. ಆದರೆ ಕದ ಒಂಟಿಯಾಗಿ ಹಿಂದೆ ಹೋಗುವಂತಿಲ್ಲ, ಅಗಳಿಯ ಮೂಲಕ ಇಡೀ ನಳಿಗೆಯನ್ನೂ ಎಳೆದುಕೊಂಡು ಹೋಗಬೇಕು. ಗುಂಡಿನ ಮನೆ ಮುಚ್ಚಿಯೇ ಇದೆ.

ಈಗ ಒಂದು ಸಣ್ಣ ಲೆಕ್ಕ. ಹಿಂದೆ ಜಾರುವ ನಳಿಗೆ, ಕದ, ಅಗಳಿ ಎಲ್ಲ ಸೇರಿ ಗುಂಡಿಗಿಂತ 80 ಪಟ್ಟು ಭಾರ ಎಂದಿಟ್ಟುಕೊಳ್ಳೋಣ. ನಳಿಗೆಯ ಉದ್ದ 14 ಸೆಂಟಿಮೀಟರ್. ಅದರಲ್ಲಿ ತೋಟಾ ಕೂತ ಜಾಗ ಕಳೆದರೆ ಗುಂಡು ಓಡಬೇಕಾದ ದಾರಿ ಸುಮಾರು 12 ಸೆಂಟಿಮೀಟರ್. ಗುಂಡು ಅಷ್ಟು ಮುಂದೆ ಹೋಗುವಷ್ಟರಲ್ಲಿ 80 ಪಟ್ಟು ಭಾರದ ಜೋಡಿ ಹಿಂದೆ ಸರಿಯುವುದು ಅದರ 80ರಲ್ಲೊಂದು ಪಾಲು. ಒಂದೂವರೆ ಮಿಲಿಮೀಟರ್! ಮದ್ದು ಸ್ವಲ್ಪ ಹೆಚ್ಚು ಬಿರುಸಾಗಿ ಉರಿದರೂ ನಿಧಾನವಾಗಿ ಉರಿದರೂ ಈ ಅನುಪಾತ ಕೆಡುವುದಿಲ್ಲ. ಗುಂಡು ಬೇಗ ಓಡಿದರೆ ಕದವೂ ಬೇಗ ಓಡುತ್ತದೆ, ಅದು ತಡವಾದರೆ ಇದೂ ತಡ. ಸೆಕೆಂಡಿನ ಚೂರುಗಳನ್ನು ಅಳೆಯಲಾರದ ಕಮ್ಮಾರ ಮಿಲಿಮೀಟರನ್ನು ಸಲೀಸಾಗಿ ಅಳೆಯಬಲ್ಲ. ಕಾಲದ ಪ್ರಶ್ನೆಯನ್ನು ದೂರದ ಪ್ರಶ್ನೆಯಾಗಿ ಬದಲಿಸಿಕೊಂಡದ್ದೇ ಈ ವಿನ್ಯಾಸದ ಜೀವಾಳ.

ಹಾಗಾಗಿ ನಳಿಗೆ ಮತ್ತು ಕದ ಒಂದೂವರೆ ಮಿಲಿಮೀಟರಿಗಿಂತ ಸಾಕಷ್ಟು ಹೆಚ್ಚು ದೂರವನ್ನು ಜೊತೆಯಾಗಿಯೇ ಸಾಗುವಂತೆ ಅವರು ಜಾಗ ಬಿಟ್ಟರು. ಅದನ್ನು ದಾಟುವ ಹೊತ್ತಿಗೆ ಗುಂಡು ಹೊರಗೆ ಹೋಗಿರುತ್ತದೆ, ಒತ್ತಡ ಇಳಿದಿರುತ್ತದೆ. ಆಗ ಅಗಳಿಯ ಕೆಳಗಿದ್ದ ಚೌಕಟ್ಟಿನ ಆಸರೆ ಮುಗಿಯುತ್ತದೆ. ಅಗಳಿ ಕೆಳಕ್ಕೆ ಬಾಗುತ್ತದೆ, ಹಲ್ಲು ಕಚ್ಚಿನಿಂದ ಕಳಚುತ್ತದೆ. ನಳಿಗೆ ಮೈಗೆ ತಾಗಿ ಅಲ್ಲೇ ನಿಲ್ಲುತ್ತದೆ. ಕದಕ್ಕೆ ಮಾತ್ರ ಪಡೆದ ವೇಗ ಇನ್ನೂ ಇದೆ. ಅದು ಒಬ್ಬಂಟಿಯಾಗಿ ಹಿಂದಕ್ಕೆ ಓಡುತ್ತದೆ.

ಆ ಓಟದಲ್ಲೇ ಉಳಿದೆಲ್ಲ ಮನೆಗೆಲಸ ಮುಗಿಯುತ್ತದೆ. ಕದದ ಮೂತಿಯಲ್ಲಿರುವ ಕೊಕ್ಕೆ ಖಾಲಿ ತೋಟಾವನ್ನು ಹಿಡಿದೆಳೆದು ತರುತ್ತದೆ, ಅದು ಒಂದು ಮೊಳೆಗೆ ತಾಗಿ ಮೇಲಕ್ಕೆ ಚಿಮ್ಮುತ್ತದೆ. ಕದದ ಹಿಂಭಾಗ ಕುದುರೆಯನ್ನು ಒತ್ತಿ ಮಲಗಿಸುತ್ತದೆ. ಕದದ ಹೊಟ್ಟೆಯೊಳಗೇ ಇರುವ ಸುರುಳಿ ಸ್ಪ್ರಿಂಗ್ ಕುಗ್ಗುತ್ತದೆ. ಓಟದ ಬಲವೆಲ್ಲ ಸ್ಪ್ರಿಂಗಿಗೆ ಜಮೆಯಾದ ಮೇಲೆ ಅದು ಕದವನ್ನು ಮುಂದಕ್ಕೆ ನೂಕುತ್ತದೆ. ದಾರಿಯಲ್ಲಿ ಪೆಟ್ಟಿಗೆಯ ಮೇಲ್ತುದಿಯ ತೋಟಾವನ್ನು ನೂಕಿಕೊಂಡು ಗುಂಡಿನ ಮನೆಗೆ ಸೇರಿಸುತ್ತದೆ, ನಳಿಗೆಯೂ ಮುಂದೆ ಹೋಗುತ್ತದೆ, ಅಗಳಿ ಮತ್ತೆ ಮೇಲೇರಿ ಕಚ್ಚುತ್ತದೆ. ಹತ್ತೂ ಮುಗಿದಿದ್ದರೆ ಕದ ಹಿಂದೆಯೇ ನಿಂತುಬಿಡುತ್ತದೆ. ಹತ್ತು ತೋಟಾ ಸಾಲಾಗಿ ಸಿಕ್ಕಿಸಿದ ತಗಡಿನ ಪಟ್ಟಿಯನ್ನು ಮೇಲಿನಿಂದ ಇಟ್ಟು ಹೆಬ್ಬೆರಳಿನಿಂದ ಒತ್ತಿ ತುಂಬಬೇಕು.

ಇಷ್ಟಾದರೂ ಮುಂದಿನ ಗುಂಡು ತಾನಾಗಿ ಹಾರುವುದಿಲ್ಲ. ಟ್ರಿಗರನ್ನು ಬಿಟ್ಟು ಮತ್ತೆ ಎಳೆದರೆ ಮಾತ್ರ ಕುದುರೆಗೂ ಟ್ರಿಗರಿಗೂ ಸಂಪರ್ಕ. ತುಂಬುವುದು ತಾನೇ, ಹಾರಿಸುವುದು ನೀವು. ಹಾಗಾಗಿಯೇ ಇದು ಅರೆ ಸ್ವಯಂಚಾಲಿತ.

ಅಗಳಿಯೇ ಇಲ್ಲದವನು

ಇದೇ ಹೊತ್ತಿಗೆ ಅಮೆರಿಕದ ಯೂಟಾದಲ್ಲಿ ಜಾನ್ ಬ್ರೌನಿಂಗ್ ಇನ್ನೊಂದು ಬಗೆಯಲ್ಲಿ ಯೋಚಿಸಿದ. ತೋಟಾ ಅಷ್ಟು ಬಲವಾಗಿರದಿದ್ದರೆ ಅಗಳಿ ಏಕೆ ಬೇಕು? ಕದವನ್ನೇ ಭಾರವಾಗಿ ಮಾಡಿದರೆ ಸಾಕಲ್ಲ. ಗುಂಡಿಗಿಂತ ಎಷ್ಟೋ ಪಟ್ಟು ಭಾರದ ಕದ, ಯಾವುದಕ್ಕೂ ಕಚ್ಚಿಕೊಳ್ಳದಿದ್ದರೂ, ಗುಂಡು ಹೊರಬೀಳುವ ಮುನ್ನ ಹೆಚ್ಚು ದೂರ ಹೋಗಲಾರದು. ಕದದ ಭಾರವನ್ನು ಹೆಚ್ಚಿಸಲು ಅವನು ಅದನ್ನು ನಳಿಗೆಯ ಉದ್ದಕ್ಕೂ ಚಾಚಿದ. ಸಿನಿಮಾಗಳಲ್ಲಿ ಸರಕ್ಕನೆ ಜಾರುವ ಆ ಮೇಲ್ಭಾಗ, ಅಂದರೆ ಸ್ಲೈಡ್, ಹುಟ್ಟಿದ್ದು ಹೀಗೆ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ 1900ರ ಮಾದರಿಯಾಗಿ ಹೊರತಂದ ಈ ಪಿಸ್ತೂಲು ಅಗ್ಗ, ಚಿಕ್ಕದು, ಜೇಬಿಗೆ ಹಿಡಿಸುವಂಥದ್ದು. ಒಂದು ದಶಕದ ಆಸುಪಾಸಿನಲ್ಲಿ ಏಳು ಲಕ್ಷದಷ್ಟು ಮಾರಾಟವಾಯಿತು. ಕೋಟಿನೊಳಗೆ ಅಡಗುವ ಗುಣ ಯಾರಿಗೆಲ್ಲ ಬೇಕಿತ್ತೋ ಅವರೆಲ್ಲ ಕೊಂಡರು: 1909ರಲ್ಲಿ ಹಾರ್ಬಿನ್ ರೈಲುನಿಲ್ದಾಣದಲ್ಲಿ ಜಪಾನಿನ ಇತೊ ಹಿರೊಬುಮಿಯನ್ನು ಕೊಂದ ಕೊರಿಯಾದ ಅನ್ ಜುಂಗ್-ಗುನ್ ಕೈಯಲ್ಲಿದ್ದುದು ಇದೇ. ಅದೇ ವರ್ಷ ನಾಸಿಕದಲ್ಲಿ ಕಲೆಕ್ಟರ್ ಜ್ಯಾಕ್ಸನ್‌ನ ಹತ್ಯೆಯಾದಾಗ, ಲಂಡನ್ನಿನಿಂದ ಪೆಟ್ಟಿಗೆಯ ಕಳ್ಳತಳದಲ್ಲಿ ಬಂದ 20 ಬ್ರೌನಿಂಗ್ ಪಿಸ್ತೂಲುಗಳ ಸಂಗತಿ ಬಯಲಾಯಿತು.

ಆದರೆ ಭಾರದ ಉಪಾಯಕ್ಕೆ ಮಿತಿಯಿದೆ. ಆ ಪಿಸ್ತೂಲಿನ ತೋಟಾ ಕೊಡುವ ಒದೆತ ಮೌಸರ್‌ನದಕ್ಕೆ ಹೆಚ್ಚುಕಡಿಮೆ ಅರ್ಧ. ಬಲವಾದ ತೋಟಾಕ್ಕೆ ಅಗಳಿಯಿಲ್ಲದ ಕದ ಬೇಕೆಂದರೆ ಅದರ ತೂಕ ಕೈಯಲ್ಲಿ ಹಿಡಿಯುವಂತಿರುವುದಿಲ್ಲ. ಅಮೆರಿಕದ ಸೈನ್ಯ ದಪ್ಪ ಗುಂಡಿನ ಪಿಸ್ತೂಲು ಕೇಳಿದಾಗ ಬ್ರೌನಿಂಗ್ ಕೂಡ ಅಗಳಿಗೆ ಮರಳಬೇಕಾಯಿತು. ಆದರೆ ಅವನು ಬೇರೆ ತುಂಡನ್ನೇ ಮಾಡಲಿಲ್ಲ, ನಳಿಗೆಯನ್ನೇ ಅಗಳಿಯಾಗಿಸಿದ. ನಳಿಗೆಯ ಬೆನ್ನಿನ ಮೇಲಿನ ಏಣುಗಳು ಸ್ಲೈಡಿನ ಒಳಮೈಯ ತೋಡುಗಳಿಗೆ ಕಚ್ಚಿಕೊಂಡಿರುತ್ತವೆ. ಎರಡೂ ಜೊತೆಯಾಗಿ ಸ್ವಲ್ಪ ದೂರ ಹಿಂದೆ ಸರಿದ ಮೇಲೆ ಕೆಳಗಿನ ಪುಟ್ಟ ಕೊಂಡಿಯೊಂದು ನಳಿಗೆಯ ಹಿಂತುದಿಯನ್ನು ಕೆಳಕ್ಕೆಳೆಯುತ್ತದೆ, ಏಣು ಕಳಚುತ್ತದೆ, ಸ್ಲೈಡ್ ತನ್ನ ದಾರಿ ಹಿಡಿಯುತ್ತದೆ. 6,000 ಗುಂಡುಗಳ ಪರೀಕ್ಷೆಯನ್ನು ದಾಟಿ 1911ರಲ್ಲಿ ಸೈನ್ಯಕ್ಕೆ ಸೇರಿದ ಕೋಲ್ಟ್ ಪಿಸ್ತೂಲು ಇದು.

ಬೋರ್ಶಾರ್ಟ್‌ನ ವಿನ್ಯಾಸವನ್ನು ಗೇಯಾರ್ಗ್ ಲೂಗರ್ ತಿದ್ದಿ ಚಂದಗಾಣಿಸಿದ; 1900ರಲ್ಲಿ ಸ್ವಿಸ್ ಸೈನ್ಯ, 1908ರಲ್ಲಿ ಜರ್ಮನ್ ಸೈನ್ಯ ಅದನ್ನು ಒಪ್ಪಿದವು. ಅವನು ರೂಪಿಸಿದ 9 ಮಿಲಿಮೀಟರ್ ತೋಟಾ ಇಂದಿಗೂ ಜಗತ್ತಿನ ಅತಿ ಸಾಮಾನ್ಯ ಪಿಸ್ತೂಲು ತೋಟಾ. ಮೌಸರ್ ಮಾತ್ರ ಚೀನಾದ ಸೇನಾನಾಯಕರ ಬೇಡಿಕೆಯಿಂದ ಬದುಕಿಕೊಂಡು 1937ರವರೆಗೆ ತಯಾರಾಯಿತು. ಹತ್ತು ಲಕ್ಷದ ಸಂಖ್ಯೆ ಮುಟ್ಟಿತು. ಅದರ ಒಂದೊಂದು ತುಂಡನ್ನೂ ಗಟ್ಟಿ ಉಕ್ಕಿನಿಂದ ಕೊರೆದು ತೆಗೆಯಬೇಕಿತ್ತು. ಕೆತ್ತನೆಯ ಸೊಬಗಿನಲ್ಲಿ ಅದಕ್ಕೆ ಸಾಟಿಯಿಲ್ಲವೆಂದು ನನಗನ್ನಿಸುತ್ತದೆ, ಆದರೆ ಸೊಬಗಿಗೆ ಸೈನ್ಯಗಳು ದುಡ್ಡು ಕೊಡುವುದಿಲ್ಲ. ಬ್ರೌನಿಂಗ್‌ನ ಬಾಗುವ ನಳಿಗೆಗೆ ಕಡಿಮೆ ತುಂಡು ಸಾಕು. ಅವನ ಕೊನೆಯ ಕೆಲಸವನ್ನು ಎಫ್‌ಎನ್ ಕಾರ್ಖಾನೆಯವರು ಪೂರ್ತಿಗೊಳಿಸಿ 1935ರಲ್ಲಿ ಹೈ ಪವರ್ ಎಂಬ ಹೆಸರಿನಲ್ಲಿ ಹೊರತಂದಾಗ ಆ ಪುಟ್ಟ ಕೊಂಡಿಯೂ ಹೋಗಿ, ನಳಿಗೆಯ ಅಡಿಯಲ್ಲೇ ಕೊರೆದ ಓರೆ ದಾರಿಯೊಂದು ಅದರ ಕೆಲಸ ಮಾಡತೊಡಗಿತು. ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೈನ್ಯ, ಪೊಲೀಸರ ಸೊಂಟ ಸೇರಿದ 9 ಮಿಲಿಮೀಟರ್ ಪಿಸ್ತೂಲು ಆ ಹೈ ಪವರ್‌ನ ಪ್ರತಿ. ಗುಂಡು ಹಾರಿದಾಗ ಅದರ ನಳಿಗೆಯೂ ಸ್ಲೈಡಿನ ಜೊತೆ ಕೆಲವು ಮಿಲಿಮೀಟರ್ ಹಿಂದೆ ಸರಿದು, ಆಮೇಲಷ್ಟೇ ತಲೆ ಬಾಗಿಸಿ ಸ್ಲೈಡನ್ನು ಬಿಟ್ಟುಕೊಡುತ್ತದೆ.